ಸುರುಳಿ ಸಪ್ಪೆ, ರಸ ಚುರುಕು

ಕಾಂಬೋಡಿಯಾದ ಹಸಿ ಅಕ್ಕಿಹಾಳೆ ಸುರುಳಿಯನ್ನು ಮೊದಲ ಸಲ ಬಾಯಿಗಿಟ್ಟವರು ‘ಸಪ್ಪೆ’ ಎನ್ನುವುದುಂಟು. ಸಪ್ಪೆಯಾಗಿರುವುದೇ ಅದರ ಹದ. ಒಳಗಿರುವುದು ಬೇಯಿಸಿದ ಸೀಗಡಿ, ಅಕ್ಕಿ ಶಾವಿಗೆ, ಸೌತೆಕಾಯಿ, ಲೆಟ್ಯೂಸ್, ಪುದೀನ ಮತ್ತು ಕಾಮಕಸ್ತೂರಿ ಜಾತಿಯ ಎಲೆಗಳು. ಒಗ್ಗರಣೆಯಿಲ್ಲ, ಮಸಾಲೆಯಿಲ್ಲ. ಉಪ್ಪು, ಹುಳಿ, ಸಿಹಿ, ಖಾರವೆಲ್ಲ ಪಕ್ಕದ ಬಟ್ಟಲಿನಲ್ಲಿವೆ. ಸುರುಳಿಗೇ ಉಪ್ಪು ಹಾಕಿದರೆ ಸೊಪ್ಪು ನೀರು ಬಿಟ್ಟುಕೊಂಡು ಹಾಳೆ ಹರಿಯುತ್ತದೆ. ಎಲೆಗಳ ಪರಿಮಳವೂ ಅಡಗಿಹೋಗುತ್ತದೆ.

ಹಾಳೆಯ ತವರು ನೋಡಬೇಕೆಂದರೆ ಅಲ್ಲಿನ ಭತ್ತದ ಕಣಜವಾದ ಬಟ್ಟಂಬಾಂಗ್‌ಗೆ ಹೋಗಬೇಕು. ಪಟ್ಟಣದಿಂದ 11ನೇ ಶತಮಾನದ ಏಕ್ ಫ್ನೋಮ್ ದೇಗುಲದತ್ತ ಸಾಗುವ ದಾರಿಯ ಹಳ್ಳಿಗಳಲ್ಲಿ ಹಲವು ಮನೆಗಳಲ್ಲಿ ಹಾಳೆ ಮಾಡುವುದೇ ಕಸುಬು. ನೆನೆಸಿ ರುಬ್ಬಿದ ಅಕ್ಕಿಯ ತೆಳು ಹಿಟ್ಟು. ಕುದಿಯುವ ನೀರಿನ ಪಾತ್ರೆಯ ಬಾಯಿಗೆ ಬಿಗಿದು ಕಟ್ಟಿದ ಬಟ್ಟೆ. ಒಲೆಗೆ ಭತ್ತದ ಹೊಟ್ಟು. ಒಂದು ಸೌಟು ಹಿಟ್ಟು ಸುರಿದು, ಸೌಟಿನ ತಳದಿಂದಲೇ ದುಂಡಗೆ ಹರಡಿ ಮುಚ್ಚಳ ಮುಚ್ಚುತ್ತಾರೆ. ಕ್ಷಣದಲ್ಲೇ ಹಾಳೆ ಬೆಂದು ಪಾರದರ್ಶಕವಾಗುತ್ತದೆ. ಅದನ್ನು ದುಂಡನೆಯ ಉರುಳೆಯೊಂದಕ್ಕೆ ಅಂಟಿಸಿ ಎತ್ತಿ, ಬಿದಿರಿನ ತಟ್ಟಿಯ ಮೇಲೆ ಬಿಡಿಸಿ ಬಿಸಿಲಿಗಿಡುತ್ತಾರೆ. ಒಣಗಿದ ಹಾಳೆಯಲ್ಲಿ ಕಾಣುವ ಗೆರೆಗಳು ಆ ತಟ್ಟಿಯ ಅಚ್ಚು. ನಮ್ಮ ಮಲೆನಾಡಿನಲ್ಲಿ ಹಬೆಯಲ್ಲಿ ಬೇಯಿಸಿ ಒಣಗಿಸುವ ಅಕ್ಕಿ ಹಪ್ಪಳ ಬಲ್ಲವರಿಗೆ ಈ ಕೆಲಸ ಹೊಸದೆನಿಸದು. ಆದರೆ ಹಪ್ಪಳ ಮುಂದೆ ಎಣ್ಣೆಗೆ ಇಳಿಯುತ್ತದೆ, ಈ ಹಾಳೆ ನೀರಿಗೆ.

ಆ ನೀರಿನಲ್ಲೇ ಬಹಳ ಜನ ಎಡವುವುದು. ಬಿಸಿನೀರು ಬೇಡ, ಉಗುರುಬೆಚ್ಚಗಿದ್ದರೆ ಧಾರಾಳ. ಹಾಳೆಯನ್ನು ಅದ್ದಿ, ಇನ್ನೂ ತುಸು ಬಿರುಸಾಗಿರುವಾಗಲೇ ತೆಗೆಯಿರಿ. ಸೊಪ್ಪು ಜೋಡಿಸುವಷ್ಟರಲ್ಲಿ ಅದು ಮಣೆಯ ಮೇಲೆ ತಾನಾಗಿ ಮೆತ್ತಗಾಗುತ್ತದೆ. ನೀರಿನಲ್ಲೇ ಮೆತ್ತಗಾಗಲಿ ಎಂದು ಕಾದರೆ ಸುತ್ತುವಾಗ ಹರಿಯುವುದು ಖಂಡಿತ. ಸುತ್ತಿದ್ದನ್ನು ಒದ್ದೆ ಬಟ್ಟೆ ಮುಚ್ಚಿ ಇಡಿ, ಫ್ರಿಜ್ಜಿಗಂತೂ ಬೇಡ. ತಂಪಿಗೆ ಅಕ್ಕಿಯ ಪಿಷ್ಟ ಗಡುಸಾಗಿ, ಹಾಳೆಯ ಜೀವವೇ ಹೋಗುತ್ತದೆ.

ಇನ್ನು ರಸ. ಇದರ ಬುನಾದಿ ‘ತುಕ್ ತ್ರೈ’, ಅಂದರೆ ಮೀನನ್ನೂ ಉಪ್ಪನ್ನೂ ತಿಂಗಳುಗಟ್ಟಲೆ ಹುದುಗಿಸಿ ಬಸಿದ ಫಿಶ್ ಸಾಸ್. ನಾನು ನೆಚ್ಚಿರುವ ಅಳತೆ ಹೀಗಿದೆ: 2 ಚಮಚ ಫಿಶ್ ಸಾಸ್, 2 ಚಮಚ ಸಕ್ಕರೆ, 2 ಚಮಚ ನಿಂಬೆರಸ, 6 ಚಮಚ ನೀರು. ಸಕ್ಕರೆಯನ್ನು ಬಿಸಿನೀರಿನಲ್ಲಿ ಕರಗಿಸಿ, ಪೂರ್ತಿ ಆರಿದ ಮೇಲೆಯೇ ನಿಂಬೆ ಹಿಂಡಬೇಕು. ಬಿಸಿಗೆ ನಿಂಬೆಯ ಘಮ ಉಳಿಯದು. ಬೆಳ್ಳುಳ್ಳಿ, ಕೆಂಪು ಮೆಣಸಿನಕಾಯಿಯನ್ನು ಜಜ್ಜಿ ಹಾಕಿ. ಹುರಿದು ತರಿತರಿಯಾಗಿ ಕುಟ್ಟಿದ ಕಡಲೆಕಾಯಿ ಬೀಜ ಕೊನೆಗೆ, ಬಡಿಸುವ ಹೊತ್ತಿಗೆ. ಮುಂಚೆಯೇ ಹಾಕಿದರೆ ನೆನೆದು ಮೆತ್ತಗಾಗುತ್ತದೆ. ಪಕ್ಕದ ವಿಯೆಟ್ನಾಮಿನಲ್ಲಿ ಇಂಥದೇ ಸುರುಳಿಗೆ ಕಡಲೆಕಾಯಿ ಬೆರೆತ ಮಂದವಾದ ಹಾಯ್‌ಸಿನ್ ಸಾಸ್ ಕೊಡುವುದುಂಟು. ರುಚಿಯೇನೋ ಹೌದು, ಆದರೆ ಅದು ನಾಲಿಗೆಯನ್ನೆಲ್ಲ ಆವರಿಸಿ ಎಲೆಗಳನ್ನು ಮರೆಸುತ್ತದೆ. ಕಾಂಬೋಡಿಯಾದ ತೆಳು ರಸ ಪುದೀನವನ್ನು ಪುದೀನವಾಗಿಯೇ ಉಳಿಸುತ್ತದೆ. ನನ್ನ ಒಲವು ಇದಕ್ಕೇ.

ಸಸ್ಯಾಹಾರಿಗಳು ಸೀಗಡಿಯ ಜಾಗದಲ್ಲಿ ತೋಫು, ಅಣಬೆ ಇಡಬಹುದು. ರಸಕ್ಕೆ ಫಿಶ್ ಸಾಸ್ ಬದಲು ತೆಳು ಸೋಯಾ ಸಾಸ್, ಚಿಟಿಕೆ ಉಪ್ಪು ಸಾಕು. ನಿಂಬೆಯನ್ನೂ ಕಡಲೆಕಾಯಿಯನ್ನೂ ಮಾತ್ರ ಕಡಿಮೆ ಮಾಡಬೇಡಿ.

ತಿನ್ನುವುದಕ್ಕೂ ಒಂದು ಕ್ರಮವಿದೆ. ಮೊದಲ ತುತ್ತಿಗೆ ರಸ ಹಾಳೆಯ ಮೇಲೆ ಜಾರಿಹೋಗುತ್ತದೆ. ಕಚ್ಚಿದ ತುದಿಯನ್ನು ಮತ್ತೆ ಅದ್ದಿದಾಗಲೇ ಶಾವಿಗೆ ಅದನ್ನು ಹೀರಿ ಒಳಗೆ ಒಯ್ಯುವುದು. ಆದ್ದರಿಂದ ಒಬ್ಬೊಬ್ಬರಿಗೂ ಬೇರೆ ಬಟ್ಟಲಿಡಿ. ಎಷ್ಟು ಆಳಕ್ಕೆ ಅದ್ದಬೇಕು, ಎಷ್ಟು ಖಾರ ಬೇಕು ಎಂಬುದನ್ನು ಉಣ್ಣುವವರೇ ನಿರ್ಧರಿಸಲಿ. ಅಡುಗೆಯ ಕೊನೆಯ ಹದವನ್ನು ಹೀಗೆ ಉಣ್ಣುವವರ ಕೈಗೇ ಒಪ್ಪಿಸುವ ಈ ಊಟ, ಅವರ ನಾಲಿಗೆಯ ಮೇಲಿಟ್ಟ ನಂಬಿಕೆ ದೊಡ್ಡದು.