ಹಸಿರು ಕಣ್ಣಿನ ಸುಳ್ಳು

ಬ್ಯಾಟರಿಯ ನೆತ್ತಿಯ ಮೇಲೆ ಪುಟ್ಟದೊಂದು ಗಾಜಿನ ಕಿಂಡಿ ಇರುತ್ತದಲ್ಲ, ಅದರಲ್ಲಿ ಹಸಿರು ಕಂಡರೆ ಸಾಕು, ಬಹುತೇಕ ಕಾರು ಮಾಲೀಕರು ಬಾನೆಟ್ ಮುಚ್ಚಿ ನಿಶ್ಚಿಂತರಾಗುತ್ತಾರೆ. ನನಗೆ ಆ ಕಣ್ಣಿನ ಮೇಲೆ ನಂಬಿಕೆಯಿಲ್ಲ. 12 ವೋಲ್ಟ್ ಬ್ಯಾಟರಿಯೊಳಗೆ ಆರು ಸೆಲ್‌ಗಳಿರುತ್ತವೆ. ಕಿಂಡಿ ಇಣುಕುವುದು ಒಂದರೊಳಕ್ಕೆ ಮಾತ್ರ. ಉಳಿದ ಐದರಲ್ಲಿ ಯಾವುದು ಕೆಟ್ಟಿದ್ದರೂ ಅದಕ್ಕೆ ಗೊತ್ತಾಗದು.

ಅಗ್ಗದ ಮಲ್ಟಿಮೀಟರ್ ಇದಕ್ಕಿಂತ ಎಷ್ಟೋ ಮೇಲು. ರಾತ್ರಿಯಿಡೀ ನಿಂತ ಕಾರನ್ನು ಬೆಳಗ್ಗೆ ಕೀಲಿ ತಿರುಗಿಸುವ ಮೊದಲೇ ಅಳೆಯಿರಿ. 12.6 ಬಂದರೆ ಚಾರ್ಜ್ ಭರ್ತಿ, 12.4 ಆದರೆ ಸುಮಾರು ಮುಕ್ಕಾಲು, 12.2 ಎಂದರೆ ಅರ್ಧ. ಈಗಷ್ಟೇ ಓಡಿಸಿ ತಂದು ಅಳೆದರೆ ಅಂಕಿ ಸುಮ್ಮನೆ ಉಬ್ಬಿರುತ್ತದೆ. ಎರಡು ನಿಮಿಷ ಹೆಡ್‌ಲೈಟ್ ಉರಿಸಿ, ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿ.

ಆದರೆ ಸುಮ್ಮನೆ ಕೂತ ಬ್ಯಾಟರಿಯ ವೋಲ್ಟೇಜು ಅರ್ಧ ಸತ್ಯ. ಅಸಲಿ ಪರೀಕ್ಷೆ ಸೆಲ್ಫ್ ಹೊಡೆಯುವಾಗ. ಒಬ್ಬರು ಕೀಲಿ ತಿರುಗಿಸಲಿ, ಇನ್ನೊಬ್ಬರು ಮೀಟರ್ ಮೇಲೆ ಕಣ್ಣಿಡಲಿ. ಚಾರ್ಜ್ ಭರ್ತಿಯಿದ್ದೂ 9.6ಕ್ಕಿಂತ ಕೆಳಗೆ ಕುಸಿದರೆ ಹೊಸದಕ್ಕೆ ಹಣ ಹೊಂದಿಸತೊಡಗಬಹುದು. ಅದಕ್ಕೂ ಮೊದಲು ಟರ್ಮಿನಲ್ ಸಡಿಲವಿಲ್ಲವೆಂದು ಖಚಿತವಾಗಲಿ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5 ಇರಬೇಕು. ಇಲ್ಲವಾದರೆ ತಪ್ಪು ಬ್ಯಾಟರಿಯದ್ದಲ್ಲ, ಆಲ್ಟರ್ನೇಟರ್‌ನದ್ದಿರಬಹುದು. ಗ್ಯಾರೇಜಿನಲ್ಲಿ ಅದನ್ನು ಡೈನಮೋ ಎಂದೇ ಕೇಳಿ. ಹೊಸ ಕಾರುಗಳಲ್ಲಿ ಕಂಪ್ಯೂಟರೇ ಈ ಅಂಕಿಯನ್ನು ಏರಿಸಿ ಇಳಿಸುತ್ತದೆ, ಒಂದೇ ನೋಟಕ್ಕೆ ತೀರ್ಪು ಕೊಡಬೇಡಿ.

ಬ್ಯಾಟರಿ ಕೈಕೊಡುವುದು ಚಳಿಯಲ್ಲಿ, ಸವೆಯುವುದು ಬಿಸಿಲಿನಲ್ಲಿ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ನೀರು ಆರುತ್ತದೆ, ಒಳಗಿನ ಸೀಸದ ಜಾಲರಿ ಬೇಗ ತಿನ್ನಲ್ಪಡುತ್ತದೆ. ದೂರು ಬರುವುದು ಮಾತ್ರ ಡಿಸೆಂಬರಿನ ಬೆಳಗಿನಲ್ಲಿ. ಬೆಂಗಳೂರಿನ ರೋಗವೇ ಬೇರೆ. ಮನೆಯಿಂದ ತರಕಾರಿ ಅಂಗಡಿ, ಅಲ್ಲಿಂದ ಶಾಲೆ, ಮತ್ತೆ ಮನೆ. ಸೆಲ್ಫಿಗೆ ಖರ್ಚಾದದ್ದು ತುಂಬುವುದರೊಳಗೆ ಎಂಜಿನ್ ಆಫ್! ಹೀಗೆ ಸದಾ ಅರೆಹೊಟ್ಟೆಯಲ್ಲಿರುವ ಬ್ಯಾಟರಿಯ ಪ್ಲೇಟುಗಳ ಮೇಲೆ ಸಲ್ಫೇಟ್ ಹರಳುಗಟ್ಟಿ ಗಟ್ಟಿಯಾಗುತ್ತದೆ, ಆಮೇಲೆ ಎಷ್ಟು ಚಾರ್ಜ್ ಕೊಟ್ಟರೂ ಕರಗದು. ಆಗಾಗ ಹೆದ್ದಾರಿಯಲ್ಲಿ ಒಂದು ಉದ್ದನೆಯ ಓಟ ಕೊಡಿ. ಅದಕ್ಕೆ ಬಿಡುವಿಲ್ಲದವರು, ತಾನಾಗಿಯೇ ನಿಲ್ಲುವ ಸಣ್ಣ ಚಾರ್ಜರ್ ಕೊಳ್ಳಲಿ. ನಿಲ್ಲಿಸಿದ ಜಾಗದಲ್ಲೇ ಹತ್ತು ನಿಮಿಷ ಎಂಜಿನ್ ಗುರುಗುಟ್ಟಿಸುವುದರಿಂದ ಪೆಟ್ರೋಲ್ ಸುಡುತ್ತದೆ, ಅಷ್ಟೆ.

ಮುಚ್ಚಳ ಬಿಚ್ಚಬಹುದಾದ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ. ಬೋರ್‌ವೆಲ್ ನೀರಂತೂ ಬೇಡವೇ ಬೇಡ. ಅಡುಗೆಮನೆಯ ಆರ್‌ಒ ನೀರಿನಲ್ಲೂ ಲವಣ ಉಳಿದಿರುತ್ತದೆ. ಆ್ಯಸಿಡ್ ಸೇರಿಸಲು ಹೋಗಬೇಡಿ, ಆರುವುದು ನೀರು, ಆ್ಯಸಿಡ್ ಅಲ್ಲ. ಮೊದಲು ಚಾರ್ಜ್ ಮಾಡಿ, ಆಮೇಲೆ ಗುರುತಿನ ತನಕ ತುಂಬಿಸಿ. ಪ್ಲೇಟುಗಳೇ ಹೊರಗೆ ಕಾಣುತ್ತಿದ್ದರೆ ಮಾತ್ರ ಅವು ಮುಳುಗುವಷ್ಟು ನೀರು ಮುಂಚೆಯೇ ಹಾಕಬೇಕು. ಹೈಡ್ರೋಮೀಟರ್ ಇದ್ದರೆ ಇನ್ನೂ ಚೆನ್ನ: ತುಂಬಿದ ಸೆಲ್ 1.265ರ ಆಸುಪಾಸು ತೋರಿಸುತ್ತದೆ. ಯಾವುದೋ ಒಂದು ಮಿಕ್ಕವುಗಳಿಗಿಂತ 0.050ರಷ್ಟು ಕೆಳಗಿದ್ದರೆ ಕಳ್ಳ ಸಿಕ್ಕಂತೆ.

ಟರ್ಮಿನಲ್ ಮೇಲೆ ಹೂತಂತಿರುವ ಬಿಳಿ-ಹಸಿರು ಪುಡಿಗೆ ಅಡುಗೆ ಸೋಡಾ ಕಲಸಿದ ನೀರು, ಹಳೆ ಹಲ್ಲುಜ್ಜುವ ಬ್ರಷ್, ಕೊನೆಗೊಂದಿಷ್ಟು ವ್ಯಾಸಲೀನ್. ಬಿಚ್ಚುವಾಗ ಮೈನಸ್ ಮೊದಲು, ಕೂಡಿಸುವಾಗ ಮೈನಸ್ ಕೊನೆಗೆ. ಈ ಕ್ರಮ ತಪ್ಪಿ, ಪ್ಲಸ್ ಮೇಲಿನ ಸ್ಪ್ಯಾನರ್ ಕಾರಿನ ಲೋಹದ ಮೈಗೆ ತಾಗಿದರೆ ಕಿಡಿ ಹಾರುತ್ತದೆ. ಚಾರ್ಜ್ ಆಗುವಾಗ ಹೊರಬರುವ ಅನಿಲದಲ್ಲಿ ಹೈಡ್ರೋಜನ್ ಇರುವುದರಿಂದ ಹತ್ತಿರದಲ್ಲಿ ಬೀಡಿ ಸಿಗರೇಟೂ ಬೇಡ.

ಹೊಸದು ಕೊಳ್ಳುವಾಗ ವಾರಂಟಿ ಕಾರ್ಡಿಗಿಂತ ಮೊದಲು ತಯಾರಿಕೆಯ ತಿಂಗಳು ನೋಡಿ. ಅಂಗಡಿಯ ಶೆಲ್ಫಿನಲ್ಲಿ ಕೂತಲ್ಲೇ ಬ್ಯಾಟರಿಗೆ ವಯಸ್ಸಾಗುತ್ತದೆ. ಹಳೆಯದರ ಸೀಸಕ್ಕೆ ಒಳ್ಳೆಯ ಬೆಲೆಯಿದೆ, ಬಿಲ್ಲಿನಲ್ಲಿ ಅದನ್ನು ಕಳೆದಿದ್ದಾರೆಯೇ ಎಂದು ಕೇಳಲು ಸಂಕೋಚ ಬೇಡ.