ಹಳಿಗೆ ಬಂದ ದನವನ್ನು ಹಳಿಯುವ ಹಾಸ್ಯ

ಬ್ರಿಟನ್ನಿನಲ್ಲಿ ಹಸುವೊಂದು ಹಳಿಗೆ ಬಂದು ರೈಲು ತಡವಾದರೆ ಶ್ಲೇಷೆಗಳು ಸಾಲುಗಟ್ಟುತ್ತವೆ. ರೈಲು ‘ಮೂವ್’ ಆಗುತ್ತಿಲ್ಲ ಎನ್ನುವಾಗ ‘ಮೂ’ ಅನ್ನು ಎಳೆದು ಹಸುವಿನ ಕೂಗು ಕೇಳಿಸುತ್ತಾರೆ. ಕೆಚ್ಚಲಿಗೆ ಅಲ್ಲಿ ‘ಅಡರ್’ ಎನ್ನುತ್ತಾರಾದ್ದರಿಂದ ಪೂರ್ತಿ ಗೊಂದಲವೆಂಬ ‘ಅಟರ್ ಕೇಯಾಸ್’ ಹೋಗಿ ‘ಅಡರ್ ಕೇಯಾಸ್’ ಆಗುತ್ತದೆ. ಮೊದಲ ಸಲ ಕೇಳಿದವರಿಗೆ ನಗು ಬಂದೇ ಬರುತ್ತದೆ. ಬೋಗಿಯೊಳಗೆ ಕಾದು ಸಾಕಾದವರಿಗೆ ಸಿಗ್ನಲ್ ದೋಷ ಎಂಬ ಒಣ ಮಾತಿಗಿಂತ ಹಸುವಿನ ಸುದ್ದಿ ಎಷ್ಟೋ ವಾಸಿ. ಆ ಮಟ್ಟಿಗೆ ಈ ಹಾಸ್ಯಕ್ಕೊಂದು ಉಪಕಾರದ ಗುಣವಿದೆ.

ಆದರೆ ಇದರ ಬಂಡವಾಳ ತೀರಾ ಸಣ್ಣದು. ಕೂಗು, ಕೆಚ್ಚಲು, ಮಂದೆ, ಹಾಲು, ಮಾಂಸ: ಇಷ್ಟು ಪದಗಳ ಸುತ್ತಲೇ ತಿರುಗಬೇಕು. ಯಾವ ಊರಿನ ಹಸು, ಯಾವ ಹೊತ್ತಿನ ರೈಲು ಎಂಬುದು ಇಲ್ಲಿ ಬೇಕಾಗುವುದೇ ಇಲ್ಲ. ಹೋದ ವರ್ಷದ ಮಾತನ್ನು ಈ ವರ್ಷದ ಹಸುವಿಗೂ ಅಂಟಿಸಬಹುದು. ಎಲ್ಲಿಗೆ ಬೇಕಾದರೂ ಅಂಟುವ ಚಮತ್ಕಾರ ಎಲ್ಲಿಯೂ ಗಟ್ಟಿಯಾಗಿ ನಿಲ್ಲುವುದಿಲ್ಲ. ವೈಎನ್‌ಕೆ, ಡುಂಡಿರಾಜರ ಪನ್‌ಗಳಲ್ಲಿ ಪಳಗಿದ ಕನ್ನಡದ ಕಿವಿಗೆ ಇದು ಬೇಗ ಸಪ್ಪೆಯೆನಿಸುತ್ತದೆ.

ಹಸು ಮತ್ತು ರೈಲಿನ ವಿಷಯದಲ್ಲಿ ನಿಜಕ್ಕೂ ತೂಕವಿರುವ ವಿನೋದ ಹುಟ್ಟಿದ್ದು ರೈಲುಮಾರ್ಗಗಳು ಹರಡುವ ಮೊದಲೇ. 1825ರಲ್ಲಿ ಲಿವರ್‌ಪೂಲ್–ಮ್ಯಾಂಚೆಸ್ಟರ್ ಮಾರ್ಗದ ಮಸೂದೆಯ ವಿಚಾರಣೆಗೆ ಎಂಜಿನಿಯರ್ ಜಾರ್ಜ್ ಸ್ಟೀಫನ್‌ಸನ್ ಪಾರ್ಲಿಮೆಂಟಿನ ಸಮಿತಿಯ ಮುಂದೆ ನಿಂತಿದ್ದ. ಗಾಡಿ ಓಡುವಾಗ ಹಸುವೊಂದು ಅಡ್ಡ ಬಂದರೆ ಕಷ್ಟವಲ್ಲವೇ ಎಂದು ಪ್ರಶ್ನೆ ಬಂತು. ಹೌದು, ಬಹಳ ಕಷ್ಟ, ಆದರೆ ಹಸುವಿಗೆ ಎಂಬ ಅರ್ಥದ ಉತ್ತರವನ್ನು ಆತ ಕೊಟ್ಟನೆಂದು ಅವನ ಜೀವನಚರಿತ್ರೆಕಾರ ಸ್ಯಾಮ್ಯುಯೆಲ್ ಸ್ಮೈಲ್ಸ್ ದಾಖಲಿಸಿದ್ದಾನೆ. ‘ಕೌ’ ಎನ್ನುವ ಬದಲು ತನ್ನ ಸೀಮೆಯ ರೂಢಿಯಂತೆ ‘ಕೂ’ ಎಂದನಂತೆ. ಕಲ್ಲಿದ್ದಲ ಗಣಿಯ ಕಡೆಯಿಂದ ಬಂದು, ಶಾಲೆಯ ಮೆಟ್ಟಿಲು ಹತ್ತದೆ ಬೆಳೆದವನ ಆಡುನುಡಿ ಅದು. ಅದೇ ನುಡಿಯಲ್ಲಿ ಪ್ರಶ್ನೆ ಕೇಳಿದ ಸಮಿತಿಯವರ ಬಾಯಿ ಕಟ್ಟಿಸಿದ್ದರಲ್ಲಿ ಆ ಮಾತಿನ ಸೊಗಸಿದೆ. ಮಸೂದೆ ಆ ವರ್ಷ ಬಿದ್ದುಹೋಯಿತು; ಮಾತು ಉಳಿಯಿತು.

ಆ ಮಾತು ನಿಂತಿದ್ದು ಒಂದು ನಂಬಿಕೆಯ ಮೇಲೆ: ಡಿಕ್ಕಿಯಾದರೆ ಸಾಯುವುದು ಹಸು, ರೈಲಿಗೇನೂ ಆಗದು. 1984ರ ಜುಲೈ 30ರ ಸಂಜೆ ಸ್ಕಾಟ್ಲೆಂಡಿನ ಪೋಲ್ಮಾಂಟ್ ಬಳಿ ಈ ನಂಬಿಕೆ ಮುರಿದುಬಿತ್ತು. ಎಡಿನ್‌ಬರೋದಿಂದ ಗ್ಲಾಸ್ಗೋಗೆ ಹೊರಟ ಎಕ್ಸ್‌ಪ್ರೆಸ್ಸನ್ನು ಎಂಜಿನ್ ಹಿಂದಿನಿಂದ ತಳ್ಳುತ್ತಿತ್ತು. ಎಲ್ಲಕ್ಕಿಂತ ಮುಂದಿದ್ದದ್ದು ಹಗುರವಾದ ಬೋಗಿ. ಹಾಳಾದ ಬೇಲಿ ದಾಟಿ ಬಂದ ಹಸುವಿಗೆ ಅದು ಗಂಟೆಗೆ ಸುಮಾರು 135 ಕಿ.ಮೀ. ವೇಗದಲ್ಲಿ ಗುದ್ದಿತು. ಆರು ಬೋಗಿಗಳೂ ಎಂಜಿನ್ನೂ ಹಳಿ ತಪ್ಪಿದವು. 13 ಮಂದಿ ಸತ್ತರು, 61 ಮಂದಿ ಗಾಯಗೊಂಡರು. ಆಮೇಲೆ ಅಂಥ ಮುಂಬೋಗಿಗಳಿಗೆ ಅಡ್ಡಿ ತಳ್ಳುವ ತಡೆಗಳನ್ನು ಕೂಡಿಸಿದರು. ಬೇಲಿಯೊಳಗೆ ದನ ಕಂಡರೆ ಅದನ್ನು ತುರ್ತು ಅಪಾಯವೆಂದೇ ಎಣಿಸಬೇಕೆಂದಾಯಿತು. ಇದನ್ನು ತಿಳಿದ ಮೇಲೆ ‘ಅಡರ್ ಕೇಯಾಸ್’ ಎನ್ನಲು ನನಗೆ ನಾಲಿಗೆ ಏಳುವುದಿಲ್ಲ. ನನ್ನ ಮುಖ್ಯ ತಕರಾರು ಇದು: ಈ ಶ್ಲೇಷೆಗಳಲ್ಲಿ ಕರ್ತೃ ಯಾವಾಗಲೂ ಹಸುವೇ. ತುಂಟತನ ಅದರದು, ತಡ ಮಾಡಿಸಿದ್ದೂ ಅದೇ. ಬೇಲಿ ಎಂಬುದು ಆ ವಾಕ್ಯಗಳೊಳಗೆ ಬರುವುದೇ ಇಲ್ಲ.

ನಮ್ಮ ದೇಶದ್ದೇ ಉದಾಹರಣೆ ನೋಡಿ. 2022ರ ಸೆಪ್ಟೆಂಬರ್ 30ರಂದು ಗಾಂಧಿನಗರ–ಮುಂಬೈ ವಂದೇ ಭಾರತ್‌ಗೆ ಹಸಿರು ನಿಶಾನೆ ಸಿಕ್ಕಿತು. ಅಕ್ಟೋಬರ್ 6ರಂದು ಅಹಮದಾಬಾದಿನ ವಟವಾ–ಮಣಿನಗರ ನಡುವೆ ಅದು ಎಮ್ಮೆಗಳ ಹಿಂಡಿಗೆ ಗುದ್ದಿ, ಮೂತಿಯ ಕವಚ ಕಿತ್ತುಹೋಯಿತು. ಮರುದಿನ ಆಣಂದ್ ಬಳಿ ಹಸು, ತಿಂಗಳ ಕೊನೆಗೆ ವಲಸಾಡ್ ಕಡೆ ಮತ್ತೊಂದು ಡಿಕ್ಕಿ. ಕನ್ನಡದ ಕಿವಿಗೆ ತಾನಾಗಿ ಹೊಳೆಯುವುದು ‘ಹೆಮ್ಮೆಯ ರೈಲಿಗೆ ಎಮ್ಮೆ ಅಡ್ಡ’ ಎಂಬ ಮಾತು. ಹಕಾರ ಬಿಟ್ಟು ಮಾತಾಡುವ ನಮ್ಮ ಹಳ್ಳಿಗಳಲ್ಲಂತೂ ಎರಡೂ ಒಂದೇ ಪದ. ಇಂಗ್ಲಿಷಿನ ‘ಮೂ’ಗಿಂತ ಇದು ಮೇಲು, ಏಕೆಂದರೆ ಹೆಮ್ಮೆ ಎಂಬುದು ಆ ರೈಲಿಗೆ ನಿಜವಾಗಿ ಅಂಟಿದ್ದ ಮಾತು. ಶ್ಲೇಷೆ ಅದನ್ನೇ ಹಿಡಿದು ಜಗ್ಗುತ್ತದೆ. ದನ–ಧನ ಜೋಡಿಯಲ್ಲಿ ಈ ಕಸುವಿಲ್ಲ. ಅದು ಬರೀ ಪ್ರಾಸ.

ಆದರೂ ಎಮ್ಮೆಯ ಮೇಲಿನ ಆರೋಪ ಇಲ್ಲಿಯೂ ಇಳಿಯಲಿಲ್ಲ. ಎಮ್ಮೆಗಳ ಮಾಲೀಕರ ಮೇಲೆ ರೈಲ್ವೆ ರಕ್ಷಣಾ ಪಡೆ ಕೇಸು ಹಾಕಿತು. ಮುಂಬೈ–ಅಹಮದಾಬಾದ್ ನಡುವೆ ಸುಮಾರು 620 ಕಿ.ಮೀ. ಉದ್ದಕ್ಕೆ ಲೋಹದ ಬೇಲಿ ಹಾಕುವ ಕೆಲಸ ಶುರುವಾದದ್ದು ಆಮೇಲೆ. ಈ ಹಿಂದುಮುಂದನ್ನು ತೋರಿಸಬಲ್ಲ ಮಾತು ಕನ್ನಡದಲ್ಲಿದೆ: ಹಳಿಗೆ ಬಂದ ದನವನ್ನು ಹಳಿಯುವುದು. ಅಲಂಕಾರಶಾಸ್ತ್ರದ ಲೆಕ್ಕದಲ್ಲಿ ಇದು ಯಮಕಕ್ಕೆ ಹತ್ತಿರ. ರೈಲಿನ ಕಂಬಿಯೂ ನಿಂದೆಯೂ ಒಂದೇ ಸದ್ದಿನಲ್ಲಿ ಬಂದು, ತಪ್ಪು ಯಾರ ತಲೆಗೆ ಹೋಗುತ್ತಿದೆ ಎಂಬುದನ್ನು ಎತ್ತಿ ಹೇಳುತ್ತವೆ. ನಗು ಕಡಿಮೆ, ನಿಜ, ಕೆಲಸ ಹೆಚ್ಚು.

ಇದೂ ಪೂರ್ತಿ ಸಾಲದು. ದನ ಸಿಕ್ಕಿ ಸತ್ತರೆ ರೈಲ್ವೆಯವರು ‘ಸಿಆರ್‌ಒ’ ಎಂದು ಬರೆದುಕೊಳ್ಳುತ್ತಾರೆ, ಕ್ಯಾಟಲ್ ರನ್ ಓವರ್. ಆ ಮೂರಕ್ಷರದ ಹಿಂದೆ ಲೋಕೋ ಪೈಲಟ್ ಗಾಡಿ ನಿಲ್ಲಿಸಿ ಕೆಳಗಿಳಿಯುವುದಿದೆ, ಕ್ಯಾಟಲ್ ಗಾರ್ಡ್ ಬಾಗಿದೆಯೇ, ಬ್ರೇಕ್ ಪೈಪ್ ಹರಿದಿದೆಯೇ ಎಂದು ಬಗ್ಗಿ ನೋಡುವುದಿದೆ, ಚಕ್ರಕ್ಕೆ ಸಿಕ್ಕಿದ ಮೈಯನ್ನು ಎಳೆದು ಹಾಕುವುದಿದೆ. ಆಚೆ ಊರಲ್ಲಿ ಒಂದು ಮನೆಯ ಹಾಲಿನ ಆದಾಯ ನಿಂತುಹೋಗಿರುತ್ತದೆ. ಪದಗಳ ಆಟದಲ್ಲಿ ಇಷ್ಟು ಪಳಗಿದ ನಮ್ಮ ವಿನೋದಕಾರರು ಆ ಲೋಕೋ ಪೈಲಟ್ ಕಡೆಗೂ ಆ ಮನೆಯವರ ಕಡೆಗೂ ಒಮ್ಮೆ ತಿರುಗಬೇಕೆಂದು ನನ್ನ ಆಸೆ.