ಈಜಿ ದೂರ ಹೋಗಬಲ್ಲ ಶಿಷ್ಯ

ಅಕ್ಕನ ಮಗಳು ಬೆಂಗಳೂರಿನಿಂದ ಬಂದವಳು ಹೋಗುವಾಗ ಒಂದು ಪುಸ್ತಕ ಮರೆತು ಹೋದಳು. 'ಡೋಂಟ್ ಶೂಟ್ ದ ಡಾಗ್!' ಎಂದು ಅದರ ಹೆಸರು. ನಾಯಿಗೆ ಗುಂಡು ಹೊಡೆಯಬೇಡಿ ಎಂದರ್ಥ. ನಮ್ಮ ಬೀದಿಯ ನಾಯಿಗಳ ದೆಸೆಯಿಂದ ವಾರಗಟ್ಟಲೆ ನಿದ್ದೆಗೆಟ್ಟಿದ್ದ ನನಗೆ, ಇದನ್ನು ನನಗಾಗಿಯೇ ಬಿಟ್ಟು ಹೋದಳೋ ಏನೋ ಎನಿಸಿತು. ಓದಲು ಕೂತರೆ ಅದು ನಾಯಿಗಿಂತ ಹೆಚ್ಚಾಗಿ ಮೇಷ್ಟ್ರುಗಳ ಪುಸ್ತಕ.

ನಮ್ಮ ಹುಡುಗಿ ತನ್ನ ನಾಯಿಯನ್ನು 'ಅಜಿಲಿಟಿ' ಎಂಬ ಆಟಕ್ಕೆ ತಯಾರು ಮಾಡುತ್ತಿದ್ದಾಳೆ. 1978ರಲ್ಲಿ ಲಂಡನ್ನಿನ ಕ್ರಫ್ಟ್ಸ್ ಎಂಬ ದೊಡ್ಡ ಶ್ವಾನ ಪ್ರದರ್ಶನದಲ್ಲಿ ಜನರ ಮನರಂಜನೆಗೆಂದು ಶುರುವಾದದ್ದಂತೆ ಇದು. ನಾಯಿ ಅಡ್ಡಗಂಬಿ ಹಾರಬೇಕು, ಸುರಂಗದಲ್ಲಿ ನುಗ್ಗಬೇಕು, ಸಾಲಾಗಿ ನೆಟ್ಟ ಕೋಲುಗಳ ನಡುವೆ ಹಾವಿನಂತೆ ಹೊಸೆದುಕೊಂಡು ಹೋಗಬೇಕು, ಏತದಂಥ ಹಲಗೆ ಹತ್ತಿ ಇಳಿಯಬೇಕು. ಯಜಮಾನಿ ಪಕ್ಕದಲ್ಲಿ ಓಡುತ್ತ ಕೈಸನ್ನೆ, ಬಾಯಿಮಾತು ಕೊಡಬಹುದು. ನಾಯಿಯನ್ನು ಮುಟ್ಟುವ ಹಾಗಿಲ್ಲ. ಕೈಯಲ್ಲಿ ಹಗ್ಗವಿಲ್ಲ, ತಿಂಡಿಯೂ ಇಲ್ಲ. ಪರೀಕ್ಷೆಯ ಕೋಣೆಯಲ್ಲಿ ಮಗುವನ್ನು ಬಿಟ್ಟು ಬಾಗಿಲಲ್ಲಿ ನಿಂತ ತಾಯಿಯ ಪಾಡು.

ಹಿಂದೆ ನಾಯಿಗಳನ್ನು ಪಳಗಿಸುತ್ತಿದ್ದ ರೀತಿ ಬೇರೆ. ಜರ್ಮನಿಯ ಪೊಲೀಸ್ ಅಧಿಕಾರಿ ಕೊನ್ರಾಡ್ ಮೋಸ್ಟ್ 1910ರಲ್ಲಿ ಬರೆದ ಪುಸ್ತಕ ಬಲವಂತದ ಮೇಲೆ ನಿಂತದ್ದು. ಡಿಸ್ನಿ ಚಿತ್ರಗಳಿಗೆ ಪ್ರಾಣಿಗಳನ್ನು ತಯಾರು ಮಾಡಿದ ಅಮೆರಿಕದ ವಿಲಿಯಂ ಕೋಲರ್ 1962ರಲ್ಲಿ ಬರೆದದ್ದರಲ್ಲಿ ಕುತ್ತಿಗೆ ಬಿಗಿಯುವ ಸರಪಳಿಯದೇ ಕಾರುಬಾರು. ತೋಟದಲ್ಲಿ ಗುಂಡಿ ತೋಡುವ ನಾಯಿಗೆ ಅವನ ಮದ್ದೇನು ಗೊತ್ತೆ? ಅದೇ ಗುಂಡಿಗೆ ನೀರು ತುಂಬಿ ಅದರ ಮುಖ ಅದ್ದುವುದು! ಇಷ್ಟಾದರೂ ಆ ದಾರಿಯಲ್ಲಿ ಕಲಿತ ನಾಯಿಗಳು ವಿಧೇಯತೆಯ ಸ್ಪರ್ಧೆಗಳಲ್ಲಿ ಗೆದ್ದವು. ಇದನ್ನು ಮುಚ್ಚಿಡಬಾರದು.

ಈ ಪುಸ್ತಕದ ಲೇಖಕಿ ಕ್ಯಾರೆನ್ ಪ್ರಯರ್ ಅಮೆರಿಕದವರು. 1960ರ ದಶಕದಲ್ಲಿ ಹವಾಯಿಯ ಸೀ ಲೈಫ್ ಪಾರ್ಕಿನಲ್ಲಿ ಡಾಲ್ಫಿನ್‌ಗಳಿಗೆ ಪಾಠ ಹೇಳಿದವರು; ಪುಸ್ತಕ ಬಂದದ್ದು 1984ರಲ್ಲಿ. ಅವರು ಮಾಡುತ್ತಿದ್ದುದು ಇಷ್ಟೆ. ಡಾಲ್ಫಿನ್ ಬೇಕಾದ ಕೆಲಸ ಮಾಡಿದ ಆ ಗಳಿಗೆಯಲ್ಲೇ ಸೀಟಿ ಊದುವುದು, ಆಮೇಲೆ ಮೀನು ಕೊಡುವುದು. ಗಾಳಿಯಲ್ಲಿ ಹಾರಿರುವಾಗ ಬಾಯಿಗೆ ಮೀನು ಇಡಲಾಗುವುದಿಲ್ಲವಲ್ಲ, ಅದಕ್ಕೆ 'ಈಗ ಮಾಡಿದೆಯಲ್ಲ, ಅದೇ ಸರಿ' ಎಂದು ಸೀಟಿ ಹೇಳುತ್ತದೆ. ನಾಯಿಗೆ ಸೀಟಿಯ ಬದಲು ಕ್ಲಿಕ್ಕರ್, ನಮ್ಮ ಜಾತ್ರೆಯಲ್ಲಿ ಮಕ್ಕಳು ಟಿಕ್ ಟಿಕ್ ಒತ್ತುವ ತಗಡಿನ ಕಪ್ಪೆಯಂಥದ್ದು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರು ಕೊಡುವ ಕಾರಣ. ಈಜಿ ದೂರ ಹೋಗುವ ಪ್ರಾಣಿಗೆ ಹಗ್ಗವಿಲ್ಲ, ಚಾವಟಿಯಿಲ್ಲ, ಗುದ್ದಲೂ ಆಗದು. ಅಂದರೆ ಈ ಕರುಣೆ ಮೊದಲು ಹುಟ್ಟಿದ್ದು ಕೈಲಾಗದ್ದರಿಂದ! ನನ್ನ ಶಿಷ್ಯರಿಗೆ ಈಜಿ ಹೋಗಲು ಎಲ್ಲಿತ್ತು ಜಾಗ? ಕಿಟಕಿಗೆ ಸರಳು, ಬಾಗಿಲಲ್ಲಿ ನಾನು.

ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೂ ಬೆತ್ತ ಹಿಡಿದವಳೇ. ಏಳನೇ ತರಗತಿಗೆ ಪಬ್ಲಿಕ್ ಪರೀಕ್ಷೆ ಇದ್ದ ಕಾಲ ಅದು. ಮಗ್ಗಿ ತಪ್ಪಿದ ಹುಡುಗನೊಬ್ಬನಿಗೆ ದಿನಾ ಕೈ ಚಾಚಿಸುತ್ತಿದ್ದೆ. ಪಾಸಾದ, ಅವನಪ್ಪ ಬಾಳೆಗೊನೆ ತಂದುಕೊಟ್ಟು ಕೈಮುಗಿದು ಹೋದ. ಆದರೆ ವರ್ಷದ ಕೊನೆಗೆ ಆ ಹುಡುಗ ಗೊತ್ತಿದ್ದದ್ದಕ್ಕೂ ಬಾಯಿ ಬಿಡುತ್ತಿರಲಿಲ್ಲ. ಹೆಸರು ಕರೆದರೆ ಸಾಕು, ಕೈ ಚಾಚಿ ಎದ್ದು ನಿಲ್ಲುತ್ತಿದ್ದ. ಈಗ 2009ರ ಶಿಕ್ಷಣ ಹಕ್ಕು ಕಾಯಿದೆ ಹೊಡೆಯುವುದನ್ನು ನಿಷೇಧಿಸಿದೆ. ನಾನು ಬಿಟ್ಟದ್ದು ಅದಕ್ಕೂ ಮೊದಲೇ ಎಂದು ಹೇಳಿಕೊಂಡರೆ ನನಗೇನೂ ಸಮಾಧಾನವಿಲ್ಲ.

ಶಿಕ್ಷೆಯಿಂದ ಫಲ ಸಿಗುವುದು ಅಪರೂಪ ಎಂಬಂತೆ ಪ್ರಯರ್ ಬರೆಯುತ್ತಾರೆ. ಇಲ್ಲಿ ನನಗೆ ಅವರೊಡನೆ ಒಪ್ಪಿಗೆಯಿಲ್ಲ. ಫಲ ಸಿಗುತ್ತದೆ. ಸಿಗುತ್ತಿರಲಿಲ್ಲವಾದರೆ ನಾವು ಎಂದೋ ಬಿಟ್ಟುಬಿಡುತ್ತಿದ್ದೆವು. ಕೋಲರನ ನಾಯಿ ಯಜಮಾನನ ಕಾಲಿಗಂಟಿ ನೆಟ್ಟಗೆ ನಡೆಯಿತು, ನನ್ನ ಹುಡುಗ ಪಾಸಾದ. ಆದರೆ ಅಜಿಲಿಟಿಗೆ ಬೇಕಾದದ್ದು ನಾಯಿ ತಾನಾಗಿ ಕೊಡುವ ಓಟ. ತಪ್ಪಿಗೆ ಹೆದರಿದ ನಾಯಿ ಪ್ರತಿ ಕಂಬಿಯ ಮುಂದೆ ತಿರುಗಿ ಯಜಮಾನಿಯ ಮುಖ ನೋಡುತ್ತದೆ. ಅಷ್ಟರಲ್ಲಿ ಸಮಯ ಕೈಬಿಟ್ಟಿರುತ್ತದೆ. ಈ ವಾದವನ್ನು ಲೇಖಕಿ ಇನ್ನೂ ಗಟ್ಟಿಯಾಗಿ ಹೂಡಬಹುದಿತ್ತು.

ಬೇಡದ ನಡತೆ ಬಿಡಿಸಲು ಎಂಟು ದಾರಿ ಹೇಳುವ ಅಧ್ಯಾಯ ಪುಸ್ತಕದ ಜೀವಾಳ. ಗುಂಡು ಹೊಡೆಯುವುದು ಮೊದಲನೆಯದು, ಶೀರ್ಷಿಕೆಯ ತಮಾಷೆ ಅಲ್ಲಿದೆ. ಶಿಕ್ಷೆ ಎರಡನೆಯದು. ಜೊತೆಯಲ್ಲಿ ಮಾಡಲಾಗದ ಬೇರೊಂದು ಕೆಲಸ ಕಲಿಸುವುದು ಐದನೆಯದು, ನನಗೆ ತುಂಬ ಹಿಡಿಸಿದ್ದು ಇದೇ. ಬಂದವರ ಮೈಮೇಲೆ ಹಾರುವ ನಾಯಿಗೆ ಕೂರುವುದನ್ನು ಕಲಿಸಿ. ಕೂತ ನಾಯಿ ಹಾರಲಾರದು. ಆದರೆ ಇದೇ ಉಪಾಯಗಳನ್ನು ಗಂಡನಿಗೆ, ಮಕ್ಕಳಿಗೆ, ಜೊತೆಯಲ್ಲಿರುವವರಿಗೆಲ್ಲ ಹಂಚಿಕೊಂಡು ಹೋಗುವಾಗ ಬರವಣಿಗೆ ತೆಳುವಾಗುತ್ತದೆ. ಸಿಡುಕುವ ಗಂಡ ಯಾಕೆ ಸಿಡುಕುತ್ತಾನೆಂದು ಕೇಳಲೂ ಬೇಕಲ್ಲ. ಎಂಟನೆಯ ದಾರಿ, ಅಂದರೆ ಕಾರಣವನ್ನೇ ಬದಲಿಸುವುದು, ಅದನ್ನು ಮುಟ್ಟುತ್ತದೆ. ಅದು ಕೊನೆಯಲ್ಲಿ ಬಂದದ್ದೇ ನನ್ನ ತಕರಾರು.

ಪುಸ್ತಕದಲ್ಲೊಂದು ಆಟವಿದೆ. ಒಬ್ಬರನ್ನು ಹೊರಗೆ ಕಳಿಸಿ, ಅವರು ಬಂದು ಏನು ಮಾಡಬೇಕೆಂದು ಉಳಿದವರು ಗೊತ್ತು ಮಾಡುವುದು. ಬಾಯಲ್ಲಿ ಹೇಳದೆ, ಹತ್ತಿರ ಬಂದಾಗ ಸದ್ದು ಮಾಡಿ ತಿಳಿಸುವುದು. ಒಂದು ಶನಿವಾರ ನನ್ನ ತರಗತಿಯಲ್ಲಿ ಆಡಿಸಿದೆ. ಹೊರಗೆ ಹೋದವಳು ನಾನು. ಒಳಗೆ ಬಂದೆ, ಬೋರ್ಡಿನ ಕಡೆ ನಡೆದೆ, ಒಂದು ಚಪ್ಪಾಳೆ. ಡಸ್ಟರ್ ಎತ್ತಿದೆ, ನಿಶ್ಶಬ್ದ. ಸೀಮೆಸುಣ್ಣ ಎತ್ತಿದೆ, ನಿಶ್ಶಬ್ದ. ನಲವತ್ತು ಕಣ್ಣು ನನ್ನ ಮೇಲೆ. ಐದು ನಿಮಿಷ ಕಳೆಯುವಷ್ಟರಲ್ಲಿ ಕಿವಿ ಬಿಸಿಯಾಗಿ, 'ಸಾಕು ಮಾಡ್ರೋ!' ಎಂದು ಗದರಬೇಕೆನಿಸಿತು. ಅವರು ಬಯಸಿದ್ದು ಬೋರ್ಡಿನ ಪಕ್ಕ ಓರೆಯಾಗಿದ್ದ ಭೂಪಟವನ್ನು ನೆಟ್ಟಗೆ ಮಾಡಲಿ ಎಂದು. ಅದು ವಾರದಿಂದ ಓರೆಯಾಗಿಯೇ ಇತ್ತಂತೆ, ನನಗೆ ಕಂಡಿರಲಿಲ್ಲ.

ಇನ್ನೊಂದು ಮಾತು ನುಂಗಲು ಕಷ್ಟವಾಯಿತು. ಕಲಿತ ಮೇಲೆ ಪ್ರತಿ ಸಲವೂ ಬಹುಮಾನ ಕೊಡಬಾರದು, ಯಾವಾಗ ಸಿಗುತ್ತದೆಂದು ತಿಳಿಯದಂತೆ ಆಗೊಮ್ಮೆ ಈಗೊಮ್ಮೆ ಕೊಟ್ಟರೆ ನಡತೆ ಗಟ್ಟಿಯಾಗುತ್ತದೆ ಎನ್ನುತ್ತಾರೆ. ತಿಂಡಿಯಿಲ್ಲದ ಕಣದಲ್ಲಿ ನಾಯಿ ಓಡುವುದರ ಗುಟ್ಟು ಇದೇ ಇರಬೇಕು. ನಮ್ಮ ರಾಜ್ಯದಲ್ಲಿ 2007ರಲ್ಲಿ ಲಾಟರಿ ನಿಲ್ಲುವ ತನಕ ಸಂಬಳದ ದಿನ ಎಷ್ಟೋ ಗಂಡಸರನ್ನು ಆ ಅಂಗಡಿಗಳ ಮುಂದೆ ನಿಲ್ಲಿಸಿದ್ದೂ ಇದೇ ಗುಟ್ಟು ತಾನೆ? ಹೊಡೆಯದೆ ಕಲಿಸುವುದು ಬೇರೆ, ಆಸೆ ತೋರಿಸಿ ಕಟ್ಟಿಹಾಕುವುದು ಬೇರೆ. ಎರಡರ ನಡುವಿನ ಗೆರೆ ಎಲ್ಲಿದೆ ಎಂದು ಪುಸ್ತಕ ಸಾಕಷ್ಟು ನಿಂತು ನೋಡುವುದಿಲ್ಲ.

ಇದನ್ನೆಲ್ಲ ಫೋನಿನಲ್ಲಿ ಅಕ್ಕನ ಮಗಳಿಗೆ ಹೇಳಿದೆ. "ಚಿಕ್ಕಮ್ಮ, ಏತದ ಹಲಗೆ ಧಡ್ ಅಂತ ನೆಲಕ್ಕೆ ಬಡಿಯೋದಕ್ಕೆ ಅವಳು ಹೆದರ್ತಾಳೆ. ಈ ವರ್ಷ ಸ್ಪರ್ಧೆಗೆ ಹೆಸರು ಕೊಡಲಿಲ್ಲ" ಎಂದಳು. ಬೇಸರವಾಯಿತೇನೇ ಎಂದು ಕೇಳಿದೆ. "ನನಗೆ ಆಯ್ತು, ಅವಳಿಗಿಲ್ಲ" ಎಂದಳು. ಪುಸ್ತಕ ಅಂಚೆಯಲ್ಲಿ ಕಳಿಸಲೇ ಎಂದರೆ, ಇರಲಿ, ಇನ್ನೊಮ್ಮೆ ಓದಿ ಅಂದಳು.